ಕಾಣದ ಬಿಸಿಲನ್ನು ಅಳೆದ ಅನ್ನಾ ಮಣಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯ ಗೆಳೆಯರು ಕೇಳಿದರು. ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆಯೋ ಸರ್ ಸಿ. ವಿ. ರಾಮನ್ ಅವರ ಬಗ್ಗೆಯೋ ಬರೆಯುತ್ತೇನೆಂದು ಅವರು ತಿಳಿದಿದ್ದರು. ಆ ಇಬ್ಬರು ಮಹನೀಯರ ಭಾವಚಿತ್ರಗಳು ನಮ್ಮ ವಿಜ್ಞಾನ ಕೊಠಡಿಯ ಗೋಡೆಯ ಮೇಲೆ ಮೊದಲಿನಿಂದಲೂ ಇವೆ. ವರ್ಷಕ್ಕೊಮ್ಮೆ ಹೂಮಾಲೆಯೂ ಬೀಳುತ್ತದೆ. ನಾನು ಆರಿಸಿಕೊಂಡದ್ದು ರಾಮನ್ ಅವರ ಶಿಷ್ಯೆಯನ್ನು. ಅವರ ಹೆಸರು ಅನ್ನಾ ಮಣಿ. ಹವಾಮಾನ ವಿಜ್ಞಾನ ಬಲ್ಲವರಿಗೆ ಇದು ದೊಡ್ಡ ಹೆಸರು. 2022ರ ಆಗಸ್ಟ್ 23ರಂದು ಮೊಬೈಲಿನಲ್ಲಿ ಗೂಗಲ್ ತೆರೆದ ನಮ್ಮ ಹುಡುಗರೂ ಅವರ ಚಿತ್ರವನ್ನು ನೋಡಿರುತ್ತಾರೆ.

ಈ ಆಯ್ಕೆಗೆ ಕಾರಣವಿದೆ. ನಾನು ಇದೇ ಶಾಲೆಯಲ್ಲಿ ಕಲಿತವನು. ಆಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಇಂಡಿಯಲ್ಲಿ ಲಿಂಬೆಯ ತೋಟಗಳಿದ್ದವು, ಸಿಂದಗಿಯಲ್ಲಿ ತೊಗರಿಯ ಹೊಲಗಳಿದ್ದವು, ಬಾಗೇವಾಡಿ ಕಡೆ ಆಲಮಟ್ಟಿಯ ಹಿನ್ನೀರಿತ್ತು. ಎಲ್ಲಿಗೆ ವರ್ಗವಾದರೂ ಬದಲಾಗದೆ ಬೆನ್ನುಹತ್ತಿ ಬಂದದ್ದು ಬಿಸಿಲೊಂದೇ. ಬಿಸಿಲಿನ ಕಾವು ನಮಗೆಲ್ಲ ಗೊತ್ತು. ಆದರೆ ಅದೇ ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಮೈಗೆ ಬಿಸಿಯೂ ಆಗದ ಒಂದು ಪಾಲಿದೆ. ಅದು ನಮ್ಮ ಚರ್ಮದ ಜೀವಕೋಶಗಳ ಒಳಗೆ ಹೋಗಿ ಅಲ್ಲಿಯ ಬರವಣಿಗೆಯನ್ನೇ ಕೆಡಿಸುತ್ತದೆ. ಆ ಪಾಲನ್ನು ಆಕಾಶದಲ್ಲೇ ತಡೆಯುವ ಪರದೆ ಎಷ್ಟು ದಪ್ಪವಿದೆ ಎಂದು ಅಳೆಯಲು ನಮ್ಮ ದೇಶದಲ್ಲೇ ಉಪಕರಣ ಕಟ್ಟಿದವರು ಅನ್ನಾ ಮಣಿ. ಬಿಸಿಲಿನ ನಾಡಿನವರು ಅವರನ್ನು ತಿಳಿಯದಿದ್ದರೆ ಮತ್ತಾರು ತಿಳಿಯಬೇಕು?

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡು ಎಂಬಲ್ಲಿ. ತಂದೆ ಸಿವಿಲ್ ಎಂಜಿನಿಯರು, ಏಲಕ್ಕಿ ತೋಟದ ಒಡೆಯರು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು. ಅನುಕೂಲಸ್ಥ ಮನೆತನವೇ, ಆದರೂ ಗಂಡುಮಕ್ಕಳಿಗೆ ದೊಡ್ಡ ಹುದ್ದೆ, ಹೆಣ್ಣುಮಕ್ಕಳಿಗೆ ಒಳ್ಳೆಯ ಮದುವೆ ಎಂಬ ಲೆಕ್ಕಾಚಾರ ಅಲ್ಲಿಯೂ ಇತ್ತು. ಆ ಮನೆಯಲ್ಲಿ ಹೆಣ್ಣುಮಕ್ಕಳ ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡುವ ಪದ್ಧತಿ. ಅನ್ನಾ ಓಲೆ ಬೇಡವೆಂದು ಹಟ ಹಿಡಿದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ವಿಶ್ವಕೋಶದ ಸಂಪುಟಗಳನ್ನು ತರಿಸಿಕೊಂಡರಂತೆ. ಅಷ್ಟರೊಳಗೆ ಊರಿನ ಗ್ರಂಥಾಲಯದ ಮಲಯಾಳಂ ಪುಸ್ತಕಗಳನ್ನೆಲ್ಲ ಹೆಚ್ಚುಕಡಿಮೆ ಓದಿ ಮುಗಿಸಿದ್ದರು. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧೀಜಿಯವರು ಆ ಕಡೆಗೆ ಬಂದುಹೋದ ಮೇಲೆ ಖಾದಿ ಉಡಲು ಶುರುಮಾಡಿದರು. ಆ ಖಾದಿಯನ್ನು ಕೊನೆಯತನಕ ಬಿಡಲಿಲ್ಲ, ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

ವೈದ್ಯೆಯಾಗುವ ಮನಸ್ಸಿದ್ದರೂ ಕೊನೆಗೆ ಭೌತಶಾಸ್ತ್ರವನ್ನೇ ಹಿಡಿದು ಮದರಾಸಿನಲ್ಲಿ ಆನರ್ಸ್ ಪದವಿ ಮುಗಿಸಿದರು. 1940ರಲ್ಲಿ ಸಂಶೋಧನಾ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದರು. ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ರಾಮನ್ ಅವರಿಗೆ ಆಗ ವಜ್ರದ ಹುಚ್ಚು. ಓಲೆಯ ವಜ್ರವನ್ನು ಬೇಡವೆಂದ ಹುಡುಗಿಯ ಕೈಗೆ ಮೂವತ್ತಕ್ಕೂ ಹೆಚ್ಚು ವಜ್ರಗಳು ಬಂದವು. ಆದರೆ ತೊಡಲಿಕ್ಕಲ್ಲ, ಬೆಳಕು ಹಾಯಿಸಿ ನೋಡಲಿಕ್ಕೆ.

ನೇರಳಾತೀತ ಬೆಳಕು ಬಿದ್ದಾಗ ಕೆಲವು ವಜ್ರಗಳು ತಾವೇ ಮಂದವಾಗಿ ಹೊಳೆಯುತ್ತವೆ. ಒಂದು ನೀಲಿ, ಒಂದು ಹಸಿರು, ಮತ್ತೊಂದು ಸುಮ್ಮನೆ ಇರುತ್ತದೆ. ಆ ಮಂದ ಹೊಳಪನ್ನು ಬಿಡಿಸಿ ಫೋಟೋ ಪ್ಲೇಟಿನ ಮೇಲೆ ಹಿಡಿಯಬೇಕು. ವಜ್ರವನ್ನು ದ್ರವ ಗಾಳಿಯ ಭಯಂಕರ ಚಳಿಯಲ್ಲಿ ಇಟ್ಟು, ಒಂದೊಂದು ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಿಸಬೇಕಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಕಳೆದರು. ಗಂಡಸರೂ ಹೆಂಗಸರೂ ಬೆರೆತು ಚರ್ಚಿಸುವುದು ರಾಮನ್ ಅವರಿಗೆ ಸೇರುತ್ತಿರಲಿಲ್ಲವಾದ್ದರಿಂದ ಬಹುಪಾಲು ಒಂಟಿ ಕೆಲಸ. 1942ರಿಂದ 1945ರವರೆಗೆ ಒಬ್ಬರ ಹೆಸರಿನಲ್ಲೇ ಐದು ಪ್ರಬಂಧಗಳನ್ನು ಪ್ರಕಟಿಸಿದರು.

1945ರ ಆಗಸ್ಟ್‌ನಲ್ಲಿ ಡಾಕ್ಟರೇಟ್ ಪದವಿಗಾಗಿ ಮಹಾಪ್ರಬಂಧ ಸಲ್ಲಿಸಿದರು. ಆಗ ಬೆಂಗಳೂರಿನ ಸಂಸ್ಥೆಯ ಸಂಶೋಧನೆಗೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯ. ಅದು ಅನ್ನಾ ಅವರಿಗೆ ಎಂ.ಎಸ್‌ಸಿ. ಪದವಿಯಿಲ್ಲ ಎಂಬ ಕಾರಣ ತೋರಿಸಿ ಡಾಕ್ಟರೇಟ್ ನಿರಾಕರಿಸಿತು. ಐದು ಪ್ರಬಂಧ ಬರೆದವರಿಗೆ ಕೆಳಗಿನ ತರಗತಿಯ ಕಾಗದ ತಾ ಎಂದಂತಾಯಿತು. ಅನ್ನಾ ಇದನ್ನು ದೊಡ್ಡದು ಮಾಡಲಿಲ್ಲ, ಜೀವಮಾನವಿಡೀ ಡಾಕ್ಟರೇಟ್ ಇಲ್ಲದೆಯೇ ಕೆಲಸ ಮಾಡಿದರು. ಅವರು ದೊಡ್ಡದು ಮಾಡಲಿಲ್ಲವೆಂದು ಅದು ಸಣ್ಣ ಅನ್ಯಾಯವಾಗುವುದಿಲ್ಲ. ನನಗೆ ಇಂದಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ.

ಅದೇ ವರ್ಷ ವಿದ್ಯಾರ್ಥಿವೇತನದ ಮೇಲೆ ಸೈನಿಕರ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ಭೌತಶಾಸ್ತ್ರವನ್ನೇ ಮುಂದುವರಿಸುವ ಆಸೆಯಿತ್ತು, ಆದರೆ ಸಿಕ್ಕದ್ದು ಹವಾಮಾನ ಉಪಕರಣಗಳ ತರಬೇತಿ. ಸಿಕ್ಕಿದ್ದನ್ನೇ ಪೂರ್ತಿ ಕಲಿತು 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಇಂಡಿ ಕಡೆಯವರಿಗೆ ಪುಣೆ ದೂರದ ಊರಲ್ಲ. ದುಡಿಯಲು ಹೋದ ನಮ್ಮವರು ಅಲ್ಲಿ ಓಣಿ ಓಣಿಗೂ ಇದ್ದಾರೆ.

ಆಗ ಹವಾಮಾನದ ಉಪಕರಣಗಳು ಹೆಚ್ಚಾಗಿ ಹೊರದೇಶದಿಂದಲೇ ಬರಬೇಕಿತ್ತು. ತಹಸೀಲ್ದಾರ ಕಚೇರಿಯ ಅಂಗಳದಲ್ಲಿ ನಿಂತಿರುವ ಮಳೆಮಾಪಕವನ್ನು ನೀವೆಲ್ಲ ನೋಡಿದ್ದೀರಿ. ಬರಗಾಲದ ಜಿಲ್ಲೆಯವರಾದ ನಮಗೆ ಅದರ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ. ಅದು ತಪ್ಪು ತೋರಿಸಿದರೆ ಬರ ಘೋಷಣೆಯ ಲೆಕ್ಕವೇ ತಪ್ಪುತ್ತದೆ. ಮಳೆ, ಗಾಳಿ, ಒತ್ತಡ, ಉಷ್ಣತೆ ಅಳೆಯುವ ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದೇ ಗುಣಮಟ್ಟಕ್ಕೆ ತಂದು, ದೇಶದಲ್ಲೇ ತಯಾರಿಸುವಂತೆ ಮಾಡಿದ್ದು ಅನ್ನಾ ಮಣಿಯವರ ವಿಭಾಗ. 1953ರಲ್ಲಿ ಅವರು ಅದರ ಮುಖ್ಯಸ್ಥೆಯಾದಾಗ ಕೈಕೆಳಗೆ 121 ಮಂದಿ ಗಂಡಸರಿದ್ದರು. ತಪ್ಪಾಗಿ ಅಳೆಯುವುದಕ್ಕಿಂತ ಅಳೆಯದೆ ಇರುವುದೇ ಲೇಸು ಎಂಬುದು ಅವರ ಪಟ್ಟು. ಅಳತೆಯಲ್ಲಿ ಸಡಿಲುತನ ತೋರಿಸಿದವರಿಗೆ ಅವರ ಬಳಿ ಮಾಫಿ ಇರಲಿಲ್ಲ.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಅವರು ದೇಶದ ಹಲವು ಕಡೆ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ಉಷ್ಣತೆ ಅಳೆಯುವುದೇ ಬೇರೆ, ಬಿಸಿಲು ಅಳೆಯುವುದೇ ಬೇರೆ. ಥರ್ಮಾಮೀಟರು ಗಾಳಿಯ ಬಿಸಿಯನ್ನು ಹೇಳುತ್ತದೆ. ಸೂರ್ಯನಿಂದ ಒಂದು ಚದರ ಮೀಟರಿಗೆ ಎಷ್ಟು ಶಕ್ತಿ ಬೀಳುತ್ತದೆ ಎಂಬುದನ್ನು ಅದು ಹೇಳದು.

ನಂತರ 1960ರಲ್ಲಿ ಅವರು ಓಝೋನಿನ ಕಡೆ ತಿರುಗಿದರು. ಓಝೋನ್ ಎಂಬ ಹೆಸರು ಆಗ ಪಠ್ಯಪುಸ್ತಕದಲ್ಲಿಯೂ ಅಪರೂಪ. ಭಾರತದಲ್ಲಿ ಅದರ ಅಧ್ಯಯನ ಶುರುಮಾಡಿದ್ದವರು ಕೆ. ಆರ್. ರಾಮನಾಥನ್; ಅವರೂ ರಾಮನ್ ಅವರ ಶಿಷ್ಯರೇ.

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು, ಓಝೋನಿನಲ್ಲಿ ಮೂರು. ನೆಲದಿಂದ 20-30 ಕಿಲೋಮೀಟರ್ ಎತ್ತರದಲ್ಲಿ ಅದು ತೆಳ್ಳಗೆ ಹರಡಿಕೊಂಡಿದೆ. ನಮ್ಮ ತಲೆಯ ಮೇಲಿನ ಓಝೋನನ್ನೆಲ್ಲ ಒಟ್ಟುಗೂಡಿಸಿ ನೆಲಮಟ್ಟದ ಒತ್ತಡಕ್ಕೆ ತಂದು ಹಾಸಿದರೆ ಅದರ ದಪ್ಪ ಹೆಚ್ಚುಕಡಿಮೆ 3 ಮಿಲಿಮೀಟರ್, ಸಜ್ಜೆಯ ರೊಟ್ಟಿಯಷ್ಟು. ಇಷ್ಟೇ ಇಷ್ಟು ಪರದೆ ಸೂರ್ಯನ ನೇರಳಾತೀತ ಕಿರಣಗಳಲ್ಲಿ ಅತ್ಯಂತ ಕಡುವಾದ ಸಿ ಪಾಲನ್ನು ಪೂರ್ತಿ, ನಡುವಿನ ಬಿ ಪಾಲಿನಲ್ಲಿ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಎ ಎಂಬ ಸೌಮ್ಯ ಪಾಲು ಹೆಚ್ಚುಕಡಿಮೆ ಹಾಗೆಯೇ ಕೆಳಗಿಳಿಯುತ್ತದೆ.

ಇದನ್ನು ಎತ್ತರೆತ್ತರದಲ್ಲಿ ಅಳೆಯುವ ಉಪಕರಣಕ್ಕೆ ಓಝೋನ್‌ಸಾಂಡ್ ಎನ್ನುತ್ತಾರೆ. ಅದನ್ನು ಭಾರತದಲ್ಲೇ ರೂಪಿಸಿದ್ದು ಅನ್ನಾ ಮಣಿ ಮತ್ತು ಅವರ ಸಹೋದ್ಯೋಗಿಗಳು. ಅದರ ತತ್ವವನ್ನು ನಮ್ಮ ಹತ್ತನೆಯ ತರಗತಿಯವರಿಗೂ ವಿವರಿಸಬಹುದು. ದೊಡ್ಡ ಬಲೂನಿನ ಕೆಳಗೆ ಒಂದು ಸಣ್ಣ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ಪುಟ್ಟ ಪಂಪು ಹೊರಗಿನ ಗಾಳಿಯನ್ನು ಆ ದ್ರಾವಣದಲ್ಲಿ ಗುಳ್ಳೆಗುಳ್ಳೆಯಾಗಿ ಹಾಯಿಸುತ್ತದೆ. ಗಾಳಿಯಲ್ಲಿ ಓಝೋನ್ ಇದ್ದಷ್ಟು ಅಯೋಡಿನ್ ಬಿಡುಗಡೆಯಾಗುತ್ತದೆ, ಅದಕ್ಕೆ ತಕ್ಕಷ್ಟು ಸಣ್ಣ ವಿದ್ಯುತ್ತು ಹರಿಯುತ್ತದೆ, ಆ ಸುದ್ದಿ ರೇಡಿಯೋ ಮೂಲಕ ನೆಲಕ್ಕೆ ಬರುತ್ತದೆ. ಬಲೂನು ಮೇಲೇರಿ ಏರಿ ಕೊನೆಗೆ ಒಡೆಯುವವರೆಗೆ ಲೆಕ್ಕ ಸಿಗುತ್ತಲೇ ಇರುತ್ತದೆ. ಸ್ವಂತ ಓಝೋನ್‌ಸಾಂಡ್ ಇದ್ದ ದೇಶಗಳು ಆಗ ಜಗತ್ತಿನಲ್ಲಿ ಐದೇ. ಅವುಗಳಲ್ಲಿ ಭಾರತವೂ ಒಂದಾಯಿತು. ಅನ್ನಾ ಮಣಿ ಅಂತರರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯರಾದರು.

ಅವರ ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಆ ಪರದೆಯನ್ನು ದಾಟಿ ಬಂದ ಕಿರಣ ನಮ್ಮ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಹೇಳದಿದ್ದರೆ ಇಷ್ಟು ಕಷ್ಟಪಟ್ಟು ಅಳೆದದ್ದು ಯಾಕೆಂದು ಊರಿನ ಹಿರಿಯರು ಕೇಳುತ್ತಾರೆ, ಕೇಳುವುದು ನ್ಯಾಯವೇ. 1960ರಲ್ಲೇ, ಅನ್ನಾ ಓಝೋನಿನ ಕೆಲಸಕ್ಕೆ ಕೈಹಾಕಿದ ವರ್ಷವೇ, ಹಾಲೆಂಡಿನ ಇಬ್ಬರು ವಿಜ್ಞಾನಿಗಳು ಈ ಪ್ರಶ್ನೆಯ ಬೀಗವನ್ನು ತೆರೆದರು.

ನಮ್ಮ ಪ್ರತಿಯೊಂದು ಜೀವಕೋಶದ ನಡುವೆ ಡಿಎನ್‌ಎ ಎಂಬ ಉದ್ದನೆಯ ಎರಡೆಳೆಯ ದಾರವಿದೆ. ಅದರಲ್ಲಿ ನಾಲ್ಕೇ ಅಕ್ಷರ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಒಂದು ಎಳೆಯಲ್ಲಿ ಅಡೆನಿನ್ ಇದ್ದರೆ ಎದುರಿನ ಎಳೆಯಲ್ಲಿ ಥೈಮಿನ್, ಗ್ವಾನಿನ್ ಇದ್ದರೆ ಸೈಟೋಸಿನ್. ಈ ಅಕ್ಷರಗಳು ನೇರಳಾತೀತ ಕಿರಣವನ್ನು ಹೀರಿಕೊಳ್ಳುವ ಸ್ವಭಾವದವು. ಹೀರಿಕೊಂಡಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತ ಎರಡು ಥೈಮಿನ್‌ಗಳು ಎದುರಿನ ಜೋಡಿಯನ್ನು ಹಿಡಿಯುವುದು ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಗ್ಗದಲ್ಲಿ ಹಾಸಿನ ಎರಡು ನೂಲು ಗಂಜಿಯಿಂದ ಅಂಟಿಕೊಂಡ ಹಾಗೆ. ಹಾಲೆಂಡಿನವರು ಕಂಡದ್ದು ಈ ಅಂಟನ್ನೇ. ಸೈಟೋಸಿನ್ ಇರುವ ಕಡೆಯೂ ಇದೇ ರೀತಿ ಅಂಟು ಬೀಳುತ್ತದೆ.

ಅಂಟಿಕೊಂಡ ಮಾತ್ರಕ್ಕೆ ಉತ್ಪರಿವರ್ತನೆ ಆಗುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಉತಾರದ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಹಳೆಯ ಉತಾರದಲ್ಲಿ ಒಂದು ಅಕ್ಷರದ ಮೇಲೆ ನೀರು ಬಿದ್ದು ಕಲೆಯಾಗಿದೆ ಎನ್ನಿ. ಕಲೆ ಇನ್ನೂ ತಪ್ಪಲ್ಲ, ಮೂಲ ಕಾಗದ ಇನ್ನೊಂದು ಕಡೆ ಇದ್ದರೆ ನೋಡಿ ಸರಿಮಾಡಬಹುದು. ಆದರೆ ಸರಿಮಾಡುವ ಮೊದಲೇ ಅದನ್ನು ನಕಲು ಮಾಡಲು ಕೂತವನು, ಓದಲಾಗದ ಕಡೆಯಲ್ಲೆಲ್ಲ ರೂಢಿಯಿಂದ ಒಂದೇ ಅಕ್ಷರ ಬರೆದುಬಿಟ್ಟರೆ? ಮೂಲದಲ್ಲಿ ಅದೇ ಅಕ್ಷರ ಇದ್ದರೆ ಪುಣ್ಯ. ಇಲ್ಲದಿದ್ದರೆ ತಪ್ಪು ಅಚ್ಚೊತ್ತಿತು. ಮುಂದಿನ ನಕಲುಗಳಲ್ಲಿ ಕಲೆಯೂ ಕಾಣದು, ತಪ್ಪೇ ಸತ್ಯವಾಗಿ ಮುಂದುವರಿಯುತ್ತದೆ. ಜೀವಕೋಶ ಒಡೆದು ಎರಡಾಗುವ ಮುನ್ನ ಡಿಎನ್‌ಎಯ ನಕಲಾಗುತ್ತದೆ. ನಕಲು ಮಾಡುವ ಕಿಣ್ವ ಅಂಟಿದ ಜಾಗದ ಎದುರು ಹೆಚ್ಚಾಗಿ ಅಡೆನಿನ್ನನ್ನೇ ಇಡುತ್ತದೆ. ಅಲ್ಲಿ ಥೈಮಿನ್ ಇದ್ದರೆ ಸರಿಹೋಯಿತು, ಸೈಟೋಸಿನ್ ಇದ್ದರೆ ಕೆಟ್ಟಿತು. ಹೀಗೆ ಸೈಟೋಸಿನ್ ಇದ್ದ ಕಡೆ ಥೈಮಿನ್ ಬಂದು ಕೂರುವುದು ಬಿಸಿಲು ಮಾಡಿದ ತಪ್ಪಿನ ಗುರುತು, ಹೆಬ್ಬೆಟ್ಟಿನ ಗುರುತಿನಂತೆ. ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪಿ53 ಎಂಬ ಜೀನ್ ಒಂದಿದೆ. 1991ರಲ್ಲಿ ಅಮೆರಿಕದ ಸಂಶೋಧಕರು ಚರ್ಮದ ಕ್ಯಾನ್ಸರ್ ಗಡ್ಡೆಗಳಲ್ಲಿ ಆ ಜೀನನ್ನು ಓದಿದಾಗ ಅದರೊಳಗೂ ಇದೇ ಗುರುತು ಸಿಕ್ಕಿತು. ಕಾವಲುಗಾರನಿಗೇ ಪೆಟ್ಟು ಬಿದ್ದಿತ್ತು.

ಒಂದು ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಕೋಶಕ್ಕೆ ಇಂಥ ಅಂಟು ಸಾವಿರಗಟ್ಟಲೆ ಬೀಳಬಹುದು. ಆದರೂ ನಾವು ಬದುಕಿದ್ದೇವಲ್ಲ? ಅದಕ್ಕೆ ಎರಡು ಕಾವಲಿವೆ. ಮೊದಲನೆಯದು ನಮ್ಮ ಕಪ್ಪು. ಚರ್ಮದ ಮೆಲನಿನ್ ಎಂಬ ಬಣ್ಣ ಕೋಶದ ಕೇಂದ್ರದ ಮೇಲೆ, ಸೂರ್ಯನ ಕಡೆಗೆ, ಟೋಪಿಯಂತೆ ಕೂತಿರುತ್ತದೆ. ಪ್ರತಿ ಕೋಶವೂ ತನ್ನ ಡಿಎನ್‌ಎಗೆ ಕೊಡೆ ಹಿಡಿದು ನಿಂತಂತೆ. ಮದುವೆಗೆ ಹೆಣ್ಣು ನೋಡುವಾಗ ಕಪ್ಪೆಂದು ಮೂಗು ಮುರಿಯುವವರಿಗೆ ಈ ಕೊಡೆಯ ಬೆಲೆ ಗೊತ್ತಿಲ್ಲ. ಎರಡನೆಯದು ರಿಪೇರಿ. ಕೆಲವು ಕಿಣ್ವಗಳು ಅಂಟನ್ನು ಪತ್ತೆಹಚ್ಚಿ, ಆ ಸುತ್ತಿನ ಮೂವತ್ತರಷ್ಟು ಅಕ್ಷರಗಳನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿ ಹೊಸದಾಗಿ ಹೆಣೆಯುತ್ತವೆ. ನಾವು ಉಂಡು ಮಲಗಿದಾಗಲೂ ಈ ಕೆಲಸ ನಡೆದೇ ಇರುತ್ತದೆ.

ಈ ಕಾವಲುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದವರೂ ನಮ್ಮ ನಡುವೆ ಇದ್ದಾರೆ. ಸಿಂದಗಿ ತಾಲೂಕಿನ ಒಂದು ಶಾಲೆಯಲ್ಲಿ ನನಗೆ ಒಬ್ಬ ವಿದ್ಯಾರ್ಥಿಯಿದ್ದ. ಮೈ, ಕೂದಲು, ಹುಬ್ಬು ಎಲ್ಲ ಬಿಳಿ. ಹುಡುಗರು ಅಡ್ಡಹೆಸರಿಟ್ಟು ಕಾಡುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಅಂಗಳದಲ್ಲಿ ನಿಂತರೆ ಕಣ್ಣು ಬಿಡಲಾಗುತ್ತಿರಲಿಲ್ಲ, ಕವಾಯತು ಮುಗಿಯುವಷ್ಟರಲ್ಲಿ ಕುತ್ತಿಗೆ ಕೆಂಪಾಗಿ ಸುಡುತ್ತಿತ್ತು. ಬಸುರಿಯಿದ್ದಾಗ ಗ್ರಹಣ ನೋಡಿದ್ದರಿಂದ ಮಗ ಹೀಗಾದನೆಂದು ಅವನ ತಾಯಿಯ ತಲೆಯಲ್ಲಿ ಯಾರೋ ತುಂಬಿದ್ದರು. ಹನ್ನೆರಡು ವರ್ಷ ಆ ತಾಯಿ ಅದನ್ನು ಹೊತ್ತುಕೊಂಡು ತಿರುಗಿದ್ದಳು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಮೆಲನಿನ್ ತಯಾರಿಸುವ ಜೀನ್ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಕೆಟ್ಟದ್ದೇ ಬಂದಾಗ ಹೀಗಾಗುತ್ತದೆ ಎಂದು ನಾನು ಮೆಂಡೆಲನ ಬಟಾಣಿಯ ಚೌಕ ಬರೆದು ತೋರಿಸಿದೆ. ಆಕೆಯನ್ನು ಕೊಟ್ಟದ್ದು ಸೋದರಮಾವನಿಗೆ. ಚೌಕ ಅರ್ಥವಾಯಿತೋ ಇಲ್ಲವೋ, ಗ್ರಹಣದ ಪಾಪ ತನ್ನದಲ್ಲ ಎಂಬುದು ಅರ್ಥವಾಗಿ ಆಕೆ ಅತ್ತಳು. ಮುಖ್ಯಗುರುಗಳು ಅಂದಿನಿಂದ ಆ ಹುಡುಗನನ್ನು ಬೇವಿನ ನೆರಳಿಗೆ ನಿಲ್ಲಿಸಿದರು, ಮುಂದಿನ ಬೆಂಚಿನಲ್ಲಿ ಕೂರಿಸಿದರು, ಉದ್ದ ತೋಳಿನ ಅಂಗಿ ಮತ್ತು ಟೋಪಿಗೆ ಅನುಮತಿ ಕೊಟ್ಟರು. ಇಂಥ ಮಕ್ಕಳಿಗೆ ಕೊಡೆಯಿಲ್ಲ, ಅಷ್ಟೇ. ನೆರಳು ಸಿಗದಿದ್ದರೆ ಹರೆಯದಲ್ಲೇ ಚರ್ಮದ ಕ್ಯಾನ್ಸರ್ ಬರುವ ಭಯವಿದೆ.

ಇನ್ನು ಕೆಲವು ಮಕ್ಕಳಿಗೆ ಕೊಡೆಯಿದ್ದರೂ ರಿಪೇರಿ ಇರುವುದಿಲ್ಲ. ಆ ರೋಗಕ್ಕೆ ಝೀರೋಡರ್ಮಾ ಪಿಗ್ಮೆಂಟೋಸಂ ಎನ್ನುತ್ತಾರೆ, ಬಹಳ ಅಪರೂಪ. ಎರಡು ಮೂರು ವರ್ಷದ ಮಗುವಿಗೇ ಬಿಸಿಲು ತಾಗುವ ಕಡೆಯಲ್ಲೆಲ್ಲ ಕಪ್ಪು ಚುಕ್ಕೆಗಳು, ಕಣ್ಣಿಗೆ ಬೆಳಕು ಸಹಿಸದು, ಕೆಲವೇ ವರ್ಷಗಳಲ್ಲಿ ಗಡ್ಡೆಗಳು. ಅಂಟನ್ನು ಕತ್ತರಿಸಿ ತೆಗೆಯುವ ಕೆಲಸವೇ ಈ ಮಕ್ಕಳ ಕೋಶಗಳಲ್ಲಿ ನಡೆಯುತ್ತಿಲ್ಲ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ ತೋರಿಸಿದರು. ಇದೂ ತಂದೆತಾಯಿ ಇಬ್ಬರಿಂದಲೂ ಬರಬೇಕಾದ ದೋಷ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ರೂಢಿ ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇದೆ. ಹೊಲ ಹೊರಗೆ ಹೋಗಬಾರದು, ಬಳಗ ಕೂಡಿರಬೇಕು ಎಂಬ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ, ನಾನು ಅದನ್ನು ಹಗುರವಾಗಿ ಕಾಣುವವನಲ್ಲ. ಆದರೆ ಒಂದೇ ಮನೆತನದ ಅಡಗಿದ ದೋಷ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಸೇರುವ ಸಂಭವ ಇಂಥ ಸಂಬಂಧಗಳಲ್ಲಿ ಹೆಚ್ಚು. ಲಗ್ನದ ಮಾತು ಎತ್ತುವಾಗ ಇದೂ ಒಂದು ಮಾತಾಗಿ ಬರಲಿ.

ಉಳಿದ ನಮ್ಮಂಥವರಿಗೆ, ಕಪ್ಪು ಚರ್ಮದವರಿಗೆ, ಚರ್ಮದ ಕ್ಯಾನ್ಸರ್ ಕಡಿಮೆ. ಅದು ನಿಜ. ಕಣ್ಣಿಗೆ ಮಾತ್ರ ಆ ರಿಯಾಯಿತಿ ಇಲ್ಲ. ವರ್ಷಗಟ್ಟಲೆ ಬಯಲ ಬಿಸಿಲಿನಲ್ಲಿ ದುಡಿದವರ ಕಣ್ಣಿನ ಪೊರೆಗೆ ನೇರಳಾತೀತ ಕಿರಣವೂ ಒಂದು ಕಾರಣ. ಓಝೋನ್ ಪರದೆ ಭೂಮಧ್ಯರೇಖೆಯ ಕಡೆಯ ನಮ್ಮಂಥ ನಾಡುಗಳ ಮೇಲೆ ಸಹಜವಾಗಿಯೇ ತೆಳು. ಅದರ ಮೇಲೆ ಸೂರ್ಯ ನೆತ್ತಿಗೆ ಬರುತ್ತಾನೆ. ವರ್ಷಕ್ಕೆ ಎರಡು ದಿನ ನಮ್ಮಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮೇ ತಿಂಗಳ ಮೊದಲ ಹತ್ತು ದಿನಗಳೊಳಗೆ ಅದು ಮೊದಲು ಮುದ್ದೇಬಿಹಾಳದಲ್ಲಿ, ಆಮೇಲೆ ಬಾಗೇವಾಡಿಯಲ್ಲಿ, ಆಮೇಲೆ ಸಿಂದಗಿಯಲ್ಲಿ, ಕೊನೆಗೆ ಇಂಡಿಯಲ್ಲಿ ಆಗುತ್ತದೆ. ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ನಡೆಯುವ ದಾರಿ ಅದು. ಆಗಸ್ಟ್ ಮೊದಲ ವಾರದಲ್ಲಿ ಹಿಂದಿರುಗುವಾಗ ಇಂಡಿ ಮೊದಲು, ಮುದ್ದೇಬಿಹಾಳ ಕೊನೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ. ಹಾಗಾಗಿ ಧ್ವಜಸ್ತಂಭದ ನೆರಳು ಮಾಯವಾಗುವುದನ್ನು ಮಕ್ಕಳಿಗೆ ತೋರಿಸಲು ನನಗೆ ಮೂವತ್ತು ವರ್ಷಗಳಲ್ಲಿ ಎರಡೇ ಸಲ ಸಾಧ್ಯವಾಯಿತು.

ನಮ್ಮ ಜನ ಕಾವನ್ನೇ ಬಿಸಿಲೆಂದು ತಿಳಿಯುತ್ತಾರೆ. ಕಾವು ಏರುವುದು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ. ನೇರಳಾತೀತ ಕಿರಣ ಏರುವುದು ನೆರಳು ಅತಿ ಚಿಕ್ಕದಾದ ಹೊತ್ತಿಗೆ, ನಮ್ಮ ಕಡೆ ಗಡಿಯಾರದಲ್ಲಿ ಸುಮಾರು 12 ಗಂಟೆ 20-30 ನಿಮಿಷಕ್ಕೆ. ಗಾಳಿ ತಂಪಾಗಿದ್ದರೂ, ತೆಳು ಮೋಡವಿದ್ದರೂ ಅದು ಬೀಳುತ್ತಲೇ ಇರುತ್ತದೆ. ಉದ್ಯೋಗ ಖಾತ್ರಿಯ ಕೆಲಸವಿರಲಿ, ಕಸ ತೆಗೆಯುವುದಿರಲಿ, ನಸುಕಿನಲ್ಲೇ ಹೋಗಿ ಹನ್ನೊಂದರೊಳಗೆ ನೆರಳು ಸೇರುವ ಹಳೆಯ ಪದ್ಧತಿ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಅಜ್ಜನ ರುಮಾಲು, ಅವ್ವನ ತಲೆಯ ಮೇಲಿನ ಸೆರಗು ಇವೂ ಲೆಕ್ಕವೇ. ನಮ್ಮ ದ್ರಾಕ್ಷಿ ಬೆಳೆಗಾರರು ಬಣ್ಣ ಕೆಡಬಾರದೆಂದು ಒಣದ್ರಾಕ್ಷಿಯನ್ನು ಶೆಡ್ಡಿನ ನೆರಳಿನಲ್ಲಿ, ಸುತ್ತ ಹಸಿರು ಬಲೆ ಕಟ್ಟಿ ಒಣಗಿಸುತ್ತಾರೆ. ಅದೇ ಶೆಡ್ಡಿನ ಹೊರಗೆ ಮಗ ಬರಿತಲೆಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ. ಬಿಸಿಲೇ ಬೇಡವೆಂದು ನಾನು ಹೇಳುತ್ತಿಲ್ಲ. ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಚರ್ಮ ತಯಾರಿಸುವುದು ಇದೇ ಬಿ ಕಿರಣದಿಂದ. ಬೇಕು, ಆದರೆ ಅಳತೆಯಲ್ಲಿ.

ಅಳತೆಯ ಮಾತು ಬಂದಾಗ ಮತ್ತೆ ಅನ್ನಾ ಮಣಿಯವರ ಹತ್ತಿರ ಹೋಗಬೇಕು. ವಿಕ್ರಂ ಸಾರಾಭಾಯಿ ಅವರ ಕೋರಿಕೆಯಂತೆ 1963ರ ಸುಮಾರಿಗೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಅವರು ನಿಲ್ಲಿಸಿಕೊಟ್ಟರು. ಇಲಾಖೆಯಲ್ಲಿ ಮೇಲೇರುತ್ತ ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು. ಅದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಫ್ರಿಜ್ಜಿನಲ್ಲೂ ಸ್ಪ್ರೇ ಡಬ್ಬಿಯಲ್ಲೂ ಬಳಸುವ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಮೇಲೇರಿ ಓಝೋನನ್ನು ತಿನ್ನುತ್ತವೆ ಎಂದು ಅಮೆರಿಕದ ಮೊಲಿನಾ ಮತ್ತು ರೋಲೆಂಡ್ ಹೇಳಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪರದೆ ಹರಿದದ್ದು ಬೆಳಕಿಗೆ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು, 1992ರಲ್ಲಿ ಭಾರತವೂ ಸೇರಿತು. ನಮ್ಮ ಶಾಲೆಯಲ್ಲಿ ಆಚರಿಸುವ ಓಝೋನ್ ದಿನ ಅದೇ ತಾರೀಕಿನದು. ಹರಿದದ್ದು ತಿಳಿಯಬೇಕಾದರೆ ಹರಿಯುವ ಮೊದಲು ಅಳೆದಿಟ್ಟಿರಬೇಕು. ಜಗತ್ತಿಗೆ ಓಝೋನಿನ ಚಿಂತೆಯೇ ಇಲ್ಲದಿದ್ದ ಕಾಲದಲ್ಲಿ ಅನ್ನಾ ಮಣಿಯವರಂಥವರು ಬಲೂನು ಹಾರಿಸಿ ಬರೆದಿಟ್ಟ ಅಂಕಿಗಳು ಹೀಗೆ ಕೆಲಸಕ್ಕೆ ಬಂದವು. 1987ರಲ್ಲೇ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರಿಗೆ ಕೆ. ಆರ್. ರಾಮನಾಥನ್ ಪದಕ ಕೊಟ್ಟಿತು.

ನಿವೃತ್ತಿಯ ನಂತರ ಅವರು ಮತ್ತೆ ಬೆಂಗಳೂರಿಗೆ ಬಂದರು. ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. ಡಾಕ್ಟರೇಟ್ ಸಿಗದ ಮಹಾಪ್ರಬಂಧವಿದ್ದ ಸಂಸ್ಥೆ ಅದು. 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣದ ಮೇಲೆ ಎರಡು ದೊಡ್ಡ ಗ್ರಂಥಗಳನ್ನು ಹೊರತಂದರು. ಯಾವ ಊರಿನಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತದೆ ಎಂಬ ಲೆಕ್ಕವಿಲ್ಲದೆ ಸೌರ ಫಲಕ ಹಾಕುವವನು ಕುರುಡುಗಣ್ಣಿನಿಂದ ಹಾಕಬೇಕಾಗುತ್ತಿತ್ತು. ಆಮೇಲೆ ಗಾಳಿಯ ಸರದಿ. ದೇಶದ 700ಕ್ಕೂ ಹೆಚ್ಚು ಕಡೆ ಗಾಳಿಯ ವೇಗ ಅಳೆಯುವ ಸಮೀಕ್ಷೆಯನ್ನು ಅವರು ನಡೆಸಿಕೊಟ್ಟರು. ಇಂದು ನಮ್ಮ ಜಿಲ್ಲೆಯ ಬಯಲಿನಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳನ್ನು ಕಂಡಾಗ ನನಗೆ ಆ ಖಾದಿ ಸೀರೆಯ ಹೆಣ್ಣುಮಗಳು ನೆನಪಾಗುತ್ತಾರೆ.

ಹೆಂಗಸಾಗಿ ಇಷ್ಟು ಸಾಧಿಸಿದಿರಲ್ಲ ಎಂದು ಯಾರಾದರೂ ಹೊಗಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ವಿಜ್ಞಾನ ಮಾಡುವುದಕ್ಕೆ ಹೆಣ್ಣು ಗಂಡು ಎಂಬ ಗದ್ದಲವೇ ಏಕೆ ಎಂಬುದು ಅವರ ನಿಲುವು. ಬಿಡುವಿದ್ದಾಗ ಬೆಟ್ಟ ಹತ್ತುವುದು, ಹಕ್ಕಿ ನೋಡುವುದು ಅವರಿಗೆ ಇಷ್ಟ. 1994ರಲ್ಲಿ ಪಾರ್ಶ್ವವಾಯು ಹೊಡೆದು ನಡೆದಾಟ ನಿಂತಿತು. 2001ರ ಆಗಸ್ಟ್ 16ರಂದು, 83 ತುಂಬಲು ಒಂದು ವಾರವಿದ್ದಾಗ, ತಿರುವನಂತಪುರದಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬಹಳ ಜನ. ಮೇಖ್ರಿ ವೃತ್ತದಿಂದ ಸದಾಶಿವನಗರದ ಕಡೆಗೆ ತಿರುಗಿದರೆ ರಾಮನ್ ಸಂಶೋಧನಾ ಸಂಸ್ಥೆ ಸಿಗುತ್ತದೆ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಊರಿನ ಮಕ್ಕಳನ್ನು ಕರೆದುಕೊಂಡು ಹೋಗುವವರಿದ್ದರೆ ಮುಖ್ಯಗುರುಗಳಿಗೆ ತಿಳಿಸಬೇಕು. ಜೊತೆಗೆ ಬರಲು ನಾನು ಸಿದ್ಧನಿದ್ದೇನೆ.